ಚೀಸ್ ತುರಿಮಣೆ ಆಮದು: ಕೋಡ್ ಬರೆಯುವ ಮೊದಲು ಹಿಡಿಕೆ ನೋಡಿ

ಸರಕು ಪಣಂಬೂರಿಗೆ ಬರಲಿ, ಕೊಚ್ಚಿಗೆ ಬರಲಿ, ಚೀಸ್ ತುರಿಮಣೆಯ ಕಾಗದದಲ್ಲಿ ಆಗುವ ಮೊದಲ ತಪ್ಪು ಒಂದೇ: ‘ಸ್ಟೀಲಿನ ಅಡುಗೆ ಸಾಮಾನು’ ಎಂದು ಸುಂಕಪಟ್ಟಿಯ 7323ನೇ ಶೀರ್ಷಿಕೆಯಲ್ಲಿ ಬರೆದುಬಿಡುವುದು. ಸುಂಕಪಟ್ಟಿಯಲ್ಲಿ ಪ್ರತಿ ಸರಕಿಗೂ ಒಂದು ಕೋಡ್, ಆ ಕೋಡಿಗೆ ತಕ್ಕ ಸುಂಕ. ಪಾತ್ರೆ, ತಟ್ಟೆ, ಡಬ್ಬಿಗೆಲ್ಲ ಆ ಶೀರ್ಷಿಕೆ ಸರಿ. ತುರಿಮಣೆ ಪಾತ್ರೆಯಲ್ಲ, ಸಲಕರಣೆ. ಹಲ್ಲಿನಿಂದ ಕೆಲಸ ಮಾಡುವ ಮನೆಬಳಕೆಯ ಕೈ ಸಲಕರಣೆಗಳಿಗೆ 8205 ಇದೆ. ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿ ಆ ಪಟ್ಟಿಯಲ್ಲಿ ಚೀಸ್ ತುರಿಮಣೆಯನ್ನು ಹೆಸರು ಹಿಡಿದೇ ಹೇಳುತ್ತದೆ. ನಮ್ಮ ಸುಂಕಪಟ್ಟಿಯಲ್ಲಿ ಎಂಟು ಅಂಕಿಯ ಕೋಡ್ 8205 51 90.

ಆದರೆ ಎಲ್ಲ ತುರಿಮಣೆಗೂ ಇದೇ ಕೋಡ್ ಅಲ್ಲ. ಕಾಸರಗೋಡಿನವರಿಗೆ ಇದನ್ನು ಕಾಯಿ ಹೆರೆಯುವ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕುಳಿತು ಕಾಯಿ ಹೆರೆಯುವ ಹೆರೆಮಣೆಯಲ್ಲಿ ಕೈಯೇ ಓಡಾಡುತ್ತದೆ, ಹಲ್ಲು ಅಲ್ಲಾಡುವುದಿಲ್ಲ. ಮೇಜಿನ ಅಂಚಿಗೆ ಸ್ಕ್ರೂ ಬಿಗಿದು ಹಿಡಿಕೆ ತಿರುಗಿಸುವ ಹೆರೆಯುವ ಯಂತ್ರದಲ್ಲಿ ಹಲ್ಲೇ ತಿರುಗುತ್ತದೆ. ಇನ್ನು ಗ್ರೈಂಡರಿಗೆ ಸಿಕ್ಕಿಸುವ ಹೆರೆಯುವ ತಲೆಯನ್ನು ಮೋಟಾರು ತಿರುಗಿಸುತ್ತದೆ. ಚೀಸ್ ತುರಿಮಣೆಗಳೂ ಹೀಗೇ ಮೂರು ಜಾತಿ. ಸುಂಕಪಟ್ಟಿ ಕೇಳುವುದು ಏನನ್ನು ತುರಿಯುತ್ತದೆ ಎಂದಲ್ಲ, ಹೇಗೆ ತುರಿಯುತ್ತದೆ ಎಂದು.

ನಾಲ್ಕು ಮುಖದ ಪೆಟ್ಟಿಗೆ ತುರಿಮಣೆ, ಚಪ್ಪಟೆ ತಗಡಿನದು, ಉದ್ದ ಹಿಡಿಯ ಸಪೂರ ತುರಿಮಣೆ: ಇವೆಲ್ಲ 8205. ಈ ಸಪೂರದ್ದು ಮೂಲದಲ್ಲಿ ಮರಗೆಲಸದ ಅರದಿಂದ ಹುಟ್ಟಿದ್ದು ನಿಜ. ಹಾಗೆಂದು ಅಡುಗೆಮನೆಗೆಂದೇ ಮಾಡಿದ್ದನ್ನು ಅರಗಳ 8203ಕ್ಕೆ ಒಯ್ಯಬೇಡಿ.

ಸಿಲಿಂಡರಿನೊಳಗೆ ಚೀಸ್ ಇಟ್ಟು ಹಿಡಿಕೆ ತಿರುಗಿಸುವಂಥದ್ದು 8210 00 00. ಕೈಯಿಂದ ನಡೆಯುವ, 10 ಕಿಲೋ ಮೀರದ, ಆಹಾರ ತಯಾರಿಯ ಯಾಂತ್ರಿಕ ಉಪಕರಣಗಳ ಶೀರ್ಷಿಕೆ ಇದು. ‘ಯಾಂತ್ರಿಕ’ ಅನ್ನಿಸಿಕೊಳ್ಳಲು ತಿರುಗುವ ಹಿಡಿಕೆ, ಗಿಯರು ಅಥವಾ ಸ್ಕ್ರೂ ತರದ ಏರ್ಪಾಡು ಬೇಕು. ಬರೀ ಒತ್ತುವ ಸನ್ನೆ (ಲಿವರ್) ಸಾಲದು. ಆದರೆ ಅದೇ ಸನ್ನೆಯ ಸಾಮಾನಿಗೆ ಮೇಜಿನ ಮೇಲೆ ನಿಲ್ಲುವ ಅಡಿಪೀಠವಿದ್ದರೆ, ಅಥವಾ ಗೋಡೆಗೆ ಬಿಗಿಯುವಂತೆ ಮಾಡಿದ್ದರೆ, ಅದೂ 8210ಕ್ಕೆ ಬರುತ್ತದೆ. ವಾದ ಏಳುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಅಡಿಭಾಗದ ಫೋಟೋ ಒಂದು ಕೈಯಲ್ಲಿರಲಿ.

ಮೋಟಾರು ಇದ್ದರೆ ಮನೆಬಳಕೆಯದು 8509ಕ್ಕೆ, ಹೋಟೆಲು ಬೇಕರಿಗಳ ದೊಡ್ಡ ಯಂತ್ರ 8438ಕ್ಕೆ.

ಇನ್ನು ಹಲ್ಲು ಯಾವುದರದ್ದು ಎಂಬ ಪ್ರಶ್ನೆ. ಕೆಲಸ ಮಾಡುವ ಭಾಗ ಲೋಹದ್ದಾಗಿರಬೇಕೆಂದು 82ನೇ ಅಧ್ಯಾಯದ ಮೊದಲ ಟಿಪ್ಪಣಿಯ ಷರತ್ತು. ಹಿಡಿ ಪ್ಲಾಸ್ಟಿಕ್ಕಿನದೋ ಮರದ್ದೋ ಆದರೆ ಅಡ್ಡಿಯಿಲ್ಲ. ಹಲ್ಲೂ ಪ್ಲಾಸ್ಟಿಕ್ಕಿನದಾದರೆ 3924. ಶುಂಠಿ ತುರಿಯುವ ಪಿಂಗಾಣಿ ತಟ್ಟೆಯಾದರೆ 6911 ಅಥವಾ 6912. ತುರಿಮಣೆಯ ಜೊತೆ ಮುಚ್ಚಳದ ಡಬ್ಬಿ, ಸಿಪ್ಪೆ ತೆಗೆಯುವ ಸಲಕರಣೆ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಚಿಲ್ಲರೆ ಮಾರಾಟಕ್ಕೆ ಕಟ್ಟಿದ್ದರೆ ಸುಂಕಪಟ್ಟಿಯನ್ನು ಓದುವ ಸಾಮಾನ್ಯ ನಿಯಮಗಳಲ್ಲಿನ 3(ಬಿ)ಯಂತೆ ಆ ಸೆಟ್ಟಿಗೆ ಮುಖ್ಯ ಗುಣ ಕೊಡುವುದು ಯಾವುದು ಎಂದು ನೋಡಬೇಕು. ಡಬ್ಬಿ ದೊಡ್ಡದೆಂದು ಕೋಡ್ ಡಬ್ಬಿಯದ್ದಾಗುವುದಿಲ್ಲ.

ಕೋಡ್ ತಪ್ಪಿದರೆ ಕಿಸೆಗೆ ಎಷ್ಟು ಪೆಟ್ಟು? ದರಗಳು ಬಜೆಟ್ಟಿನಲ್ಲೂ ನಡುವಿನ ಅಧಿಸೂಚನೆಗಳಲ್ಲೂ ಬದಲಾಗುತ್ತಿರುತ್ತವೆ, ಹಾಗಾಗಿ ಕೆಳಗಿನ ಶೇಕಡಾಗಳು ಲೆಕ್ಕ ತೋರಿಸಲು ಮಾತ್ರ. ಸರಕಿನ ಮೌಲ್ಯ 1,00,000 ರೂ., ಮೂಲ ಸುಂಕ ಶೇ. 10 ಎಂದಿಟ್ಟುಕೊಳ್ಳಿ. ಸುಂಕ 10,000, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್ಚಾರ್ಜ್ 1,000. ಒಟ್ಟು 1,11,000ದ ಮೇಲೆ ಶೇ. 18ರ ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) 19,980. ಇನ್ನೊಂದು ಕೋಡಿನಲ್ಲಿ ಮೂಲ ಸುಂಕ ಶೇ. 20 ಆದರೆ ಸುಂಕ, ಸರ್ಚಾರ್ಜ್ ಸೇರಿ 22,000, ಐಜಿಎಸ್‌ಟಿ 21,960. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಐಜಿಎಸ್‌ಟಿ ಕ್ರೆಡಿಟ್ಟಾಗಿ ವಾಪಸ್ ಸಿಗುತ್ತದೆ; ಸುಂಕ, ಸರ್ಚಾರ್ಜ್ ಹೋದದ್ದು ಹೋದಂತೆಯೇ. ಹಾಗಾಗಿ ನಿಜವಾದ ವ್ಯತ್ಯಾಸ 11,000 ರೂ. ಅನ್ವಯವಾಗುವ ದರ ಆರ್ಡರ್ ಕೊಟ್ಟ ದಿನದ್ದಲ್ಲ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸಿಗೆ ಕೊಡುವ ಆಮದು ಘೋಷಣೆ) ಸಲ್ಲಿಸಿದ ದಿನ, ಹಡಗಿಗೆ ಒಳಪ್ರವೇಶ ಸಿಕ್ಕಿದ ದಿನ, ಇವೆರಡರಲ್ಲಿ ನಂತರದ್ದು.

ಮಾರುವವನ ಇನ್‌ವಾಯ್ಸಿನ ಕೋಡನ್ನು ಹಾಗೇ ನಕಲು ಮಾಡಬೇಡಿ. ದೇಶದಿಂದ ದೇಶಕ್ಕೆ ತಾಳೆಯಾಗುವುದು ಮೊದಲ ಆರು ಅಂಕಿ ಮಾತ್ರ. ಚೀನಾದ ಹತ್ತು ಅಂಕಿಯ ಬಾಲ ಇಲ್ಲಿ ಲೆಕ್ಕಕ್ಕಿಲ್ಲ. ವಿವರಣೆಯಲ್ಲಿ ‘ಕಿಚನ್ ಟೂಲ್ಸ್’ ಎಂದು ಬರೆದರೆ ಪ್ರಶ್ನೆಯನ್ನು ಕರೆದು ಕೂರಿಸಿದಂತೆ. ‘ಸ್ಟೇನ್‌ಲೆಸ್ ಸ್ಟೀಲ್ ತುರಿಮಣೆ, ನಾಲ್ಕು ಮುಖ, ಕೈಬಳಕೆ, ತಿರುಗುವ ಹಿಡಿಕೆ ಇಲ್ಲ, ಮನೆಬಳಕೆಗೆ’ ಎಂಬಷ್ಟು ವಿವರ, ಮಾದರಿ ಸಂಖ್ಯೆ, ಒಂದರ ತೂಕ ಇನ್‌ವಾಯ್ಸಿನಲ್ಲೇ ಬರುವಂತೆ ಆರ್ಡರ್ ಕೊಡುವಾಗಲೇ ಹೇಳಿ. ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿ ಕೇಳುವುದಾದರೆ ಮೂಲದೇಶದ ಪ್ರಮಾಣಪತ್ರದಲ್ಲೂ ಅದೇ ಆರು ಅಂಕಿ ಇರಲಿ. ಅಲ್ಲಿ 7323, ಇಲ್ಲಿ 8205 ಎಂದಾದರೆ ರಿಯಾಯಿತಿಗೆ ತಡೆಬೀಳಬಹುದು.

ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 17ರಂತೆ ಸುಂಕ ನಿರ್ಧರಿಸಿ ಬರೆಯುವುದು ಆಮದುದಾರನದೇ ಜವಾಬ್ದಾರಿ. ಕಸ್ಟಮ್ಸ್ ಏಜೆಂಟರು ಹೇಳಿದರು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕಮ್ಮಿ ಕಟ್ಟಿದ್ದಕ್ಕೆ ಎರಡು ವರ್ಷದೊಳಗೆ ನೋಟಿಸು ಬರಬಹುದು, ಬೇಕೆಂದೇ ಮರೆಮಾಚಿದ್ದೆಂದಾದರೆ ಐದು ವರ್ಷ. ಹೆಚ್ಚು ಕಟ್ಟಿದ್ದನ್ನು ವಾಪಸ್ ಕೇಳಲು ನಿಮಗಿರುವುದು ಒಂದೇ ವರ್ಷ. ದೊಡ್ಡ ಪ್ರಮಾಣದಲ್ಲಿ, ಅನುಮಾನದ ಮಾಲು ತರಿಸುವವರು ಯಾವ ಕೋಡ್ ಎಂದು ಮುಂಚಿತವಾಗಿ ತೀರ್ಮಾನಿಸಿ ಹೇಳುವ, ದೆಹಲಿ ಅಥವಾ ಮುಂಬೈಯ ಮುಂಗಡ ನಿರ್ಣಯ ಪ್ರಾಧಿಕಾರಕ್ಕೆ ಮೊದಲೇ ಅರ್ಜಿ ಹಾಕುವುದು ಲೇಸು.

ಸ್ಟೀಲು, ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶ 2024ರಲ್ಲಿ ಬಂದಿದೆ. ಸೆಟ್ಟಿನಲ್ಲಿ ಸ್ಟೀಲಿನ ಬಟ್ಟಲಿದ್ದರೆ ದುಡ್ಡು ಕಳಿಸುವ ಮೊದಲೇ ಇದನ್ನು ಬಗೆಹರಿಸಿಕೊಳ್ಳಿ.

ಗಲ್ಫಿನಿಂದ ಬರುವವರು ಮನೆಗೆಂದು ಚೀಲದಲ್ಲಿ ತರುವ ಒಂದೆರಡು ತುರಿಮಣೆಗೆ ಈ ಯಾವ ತಲೆಬಿಸಿಯೂ ಇಲ್ಲ, ಅದು ಲಗೇಜಿನ ನಿಯಮಕ್ಕೆ ಸೇರಿದ್ದು. ಅಂಗಡಿಗೆಂದು ಹತ್ತು ಡಜನ್ ತುಂಬಿಸಿದರೆ ಮಾತ್ರ ಅದನ್ನು ಲಗೇಜು ಎಂದು ಯಾರೂ ಒಪ್ಪುವುದಿಲ್ಲ.