ಅಮೆರಿಕದಲ್ಲಿ ಎಂ.ಎಸ್., ಪಿಎಚ್‌.ಡಿ.: ಮೊದಲ ತಿಂಗಳ ಕೆಲಸಗಳು, ನಾನು ಮಾಡಿದ ಕ್ರಮದಲ್ಲಿ

ನಮ್ಮ ಕಡೆಯವರಿಗೆ ತಾಪತ್ರಯ ಶುರುವಾಗುವುದೇ ಹೆಸರಿನಿಂದ. ಅಪ್ಪನ ಹೆಸರು, ಊರ ಹೆಸರು ಇನಿಷಿಯಲ್ಲಿನಲ್ಲೇ ಮುಗಿದು ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಉಳಿದಿದ್ದರೆ, ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂರುತ್ತದೆ. ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಆಮೇಲೆ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಸಂಬಳದ ಚೀಟಿ, ಎಲ್ಲೆಡೆ ಅದೇ ಬಾಲ. ಇದಕ್ಕೆ ಮದ್ದು ಇರುವುದು ಊರಲ್ಲೇ: ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ರೀ-ಇಶ್ಯೂ ಮಾಡಿಸಿ ಎರಡೂ ಜಾಗ ತುಂಬಿಸಿ. ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಕೂಡ ಅದೇ ಸ್ಪೆಲ್ಲಿಂಗಿನಲ್ಲಿ ಬರಲಿ.

ಐ-20ಯಲ್ಲಿರುವ ಪ್ರಾರಂಭದ ದಿನಾಂಕಕ್ಕೆ 30 ದಿನಕ್ಕಿಂತ ಮುಂಚೆ ದೇಶದೊಳಗೆ ಬಿಡುವುದಿಲ್ಲ. ಇಳಿದ ಮೇಲೆ ನಾನು ಮೊದಲು ಮಾಡಿದ್ದು ದೇಶದೊಳಗೆ ಬಂದ ದಾಖಲೆಯಾದ ಐ-94ರ ಡೌನ್‌ಲೋಡ್. ಹೆಸರು, ಹುಟ್ಟಿದ ದಿನ, ‘ಎಫ್-1’ ಎಂಬ ವಿದ್ಯಾರ್ಥಿ ವೀಸಾದ ವರ್ಗ, ಮೂರನ್ನೂ ಪಾಸ್‌ಪೋರ್ಟಿನ ಪಕ್ಕ ಇಟ್ಟು ನೋಡಬೇಕು. ಆಮೇಲೆ ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಹಾಜರಿ. ಅವರು ಸೆವಿಸ್‌ನಲ್ಲಿರುವ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಕಡತ) ನಿಮ್ಮ ದಾಖಲೆಯನ್ನು ಆಕ್ಟಿವ್ ಮಾಡಿದ ಮೇಲೆ ಎರಡು ದಿನ ಬಿಟ್ಟು ಸಂಬಳ, ತೆರಿಗೆಗೆ ಬೇಕಾದ ಸೋಷಿಯಲ್ ಸೆಕ್ಯೂರಿಟಿ ನಂಬರಿಗಾಗಿ ಅದರ ಕಚೇರಿಗೆ ಹೋಗುವುದು ಒಳ್ಳೆಯದು. ಮೊದಲೇ ಓಡಿದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ದಾಖಲೆ ಹೊಂದದೆ ಅರ್ಜಿ ಅಲ್ಲೇ ಕೊಳೆಯುತ್ತದೆ.

ಈ ನಂಬರು ವಿದ್ಯಾರ್ಥಿ ಎಂಬ ಕಾರಣಕ್ಕೆ ಸಿಗುವುದಿಲ್ಲ, ಕೆಲಸ ಇದ್ದರಷ್ಟೇ. ಜನ ಬರಿಗೈಲಿ ವಾಪಸ್ ಬರುವುದು ಬಹುತೇಕ ಕೆಲಸ ಕೊಟ್ಟ ಡಿಪಾರ್ಟ್‌ಮೆಂಟಿನ ಅರೆಬರೆ ಪತ್ರದಿಂದಾಗಿ. ಅದರಲ್ಲಿ ಕೆಲಸದ ಸ್ವರೂಪ, ಶುರುವಾಗುವ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಮೇಲ್ವಿಚಾರಕರ ಹೆಸರು, ಫೋನು, ಸಹಿ, ಅಷ್ಟೂ ಇರಬೇಕು. ಜೊತೆಗೆ ಇಂಟರ್‌ನ್ಯಾಷನಲ್ ಆಫೀಸಿನ ಪತ್ರ, ಪಾಸ್‌ಪೋರ್ಟ್, ಐ-20, ಐ-94. ನಂಬರು ಕೈಗೆ ಬರುವ ತನಕ ಕೆಲಸ ನಿಲ್ಲಿಸಬೇಕಿಲ್ಲ, ಕಾನೂನು ಅಡ್ಡ ಬರುವುದಿಲ್ಲ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಿತಿ.

ಆಗಸ್ಟಿನಲ್ಲಿ ಸೇರಿದವರಿಗೆ ಮೊದಲ ಸಂಬಳ ಸೆಪ್ಟೆಂಬರ್ ಕೊನೆಗೆ ಬರುವುದು ಮಾಮೂಲು. ಮನೆ ಮಾಲೀಕರು ಒಂದು ತಿಂಗಳ ಬಾಡಿಗೆ, ಅಡ್ವಾನ್ಸು ಒಟ್ಟಿಗೇ ಕೇಳುತ್ತಾರೆ. ಹಾಗಾಗಿ ಎರಡು ತಿಂಗಳ ಖರ್ಚು ಕೈಯಲ್ಲಿರಲಿ. ಸಂಬಳದ ಚೀಟಿ ಬಂದ ಕೂಡಲೇ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ಎಂಬ ತೆರಿಗೆ ಕಡಿತದ ಸಾಲುಗಳನ್ನು ನೋಡಿ. ಎಫ್-1 ವಿದ್ಯಾರ್ಥಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಅವೆರಡೂ ಸಾಮಾನ್ಯವಾಗಿ ಸೊನ್ನೆ ಇರಬೇಕು. ಕಡಿತವಾಗಿದ್ದರೆ ಮೊದಲು ಪೇರೋಲ್‌ನವರನ್ನೇ ಕೇಳಿ.

ಇನ್ನು ಲಸಿಕೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡು ಡೋಸಿನ ನಡುವೆ ಕನಿಷ್ಠ 28 ದಿನ ಬೇಕು. ಹೊರಡುವ ಕೊನೇ ವಾರದಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಕ್ಷಯದ ತಪಾಸಣೆಗೆ ಚರ್ಮದ ಪರೀಕ್ಷೆ ಬೇಡವೆಂದು ಹೇಳಿ ಐಜಿಆರ್‌ಎ ಎಂಬ ರಕ್ತಪರೀಕ್ಷೆ ಕೇಳಿ. ಚಿಕ್ಕಂದಿನಲ್ಲಿ ಹಾಕಿಸಿದ ಕ್ಷಯದ ಲಸಿಕೆ ಬಿಸಿಜಿಯಿಂದಾಗಿ ಚರ್ಮದ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರಬಹುದು, ಆಗ ಎಕ್ಸ್-ರೇ ಎಂದು ಅಲೆದಾಟ.

ಓದಿನ ವಿಷಯದಲ್ಲಿ ಒಂದೇ ಮಾತು: ಪೂರ್ಣಾವಧಿ ಎಂದರೆ ಹೆಚ್ಚಿನ ಕಡೆ 9 ಕ್ರೆಡಿಟ್. ಕೋರ್ಸು ಬಿಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಬೇಕೇ ಬೇಕು. ಪ್ರೊಫೆಸರ್ ‘ಆಗಲಿ’ ಅಂದರೆ ಸಾಲದು, ವೀಸಾ ಸ್ಥಿತಿಗೇ ಕುತ್ತು.

ಸೂಟ್‌ಕೇಸಿಗೆ ಮಿಕ್ಸಿ ತುರುಕಬೇಡಿ. ನಮ್ಮದು 230 ವೋಲ್ಟ್, ಅಲ್ಲಿನದು 120. ಟ್ರಾನ್ಸ್‌ಫಾರ್ಮರಿನ ತೂಕವೇ ಹೊರೆ. ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ಎಂದಿದ್ದರೆ ಪಿನ್ ಅಡಾಪ್ಟರ್ ಸಾಕು. ಹುಳಿಪುಡಿ, ಸಾರಿನಪುಡಿ ಒಯ್ಯಿರಿ, ಕಸ್ಟಮ್ಸ್‌ನಲ್ಲಿ ಆಹಾರ ಇದೆ ಎಂದು ಬಾಯಿಬಿಟ್ಟು ಹೇಳಿ. ಅಕ್ಕಿ, ಕರಿಬೇವು ಎರಡನ್ನೂ ಒಯ್ಯುವ ಹಾಗಿಲ್ಲ. ಕಾಯಿಲ್ ಸ್ಟೋವು ಆರಿಸಿದ ಮೇಲೂ ಬಿಸಿ ಬಿಡುವುದಿಲ್ಲ, ಕುಕ್ಕರ್ ಇನ್ನೊಂದು ವಿಷಲ್ ಹಾಕಿ ಅನ್ನ ಮುದ್ದೆ ಮಾಡುತ್ತದೆ. ಸಾಕೆನಿಸಿದ ಕೂಡಲೇ ಪಕ್ಕದ ಬರ್ನರಿಗೆ ಸರಿಸಿಬಿಡಿ. ಒಗ್ಗರಣೆಗೆ ಮುಂಚೆ ಕಿಟಕಿ ತೆರೆದು ಫ್ಯಾನ್ ಹಾಕಿ: ಒಣಮೆಣಸಿನಕಾಯಿ ತುಸು ಕಪ್ಪಾದರೂ ಹೊಗೆ ಅಲಾರ್ಮ್ ಕಿರುಚುತ್ತದೆ, ಕೆಲವು ಹಾಸ್ಟೆಲುಗಳಲ್ಲಿ ಕಟ್ಟಡದ ಮಂದಿಯೆಲ್ಲ ಅಂಗಳಕ್ಕೆ ಇಳಿಯಬೇಕು.