ಹಳೆಯ ಅಮೆರಿಕನ್ ಸಿನಿಮಾದ ಕಾಪಿರೈಟ್: ನಾನು ಹುಡುಕುವ ಬಗೆ

ಸಾಕ್ಷ್ಯಚಿತ್ರ ಮಾಡುವವರಿಗೆ ಹಳೆಯ ಅಮೆರಿಕನ್ ಸಿನಿಮಾಗಳ ತುಣುಕು ಹುಡುಕಿಕೊಡುವುದು ನನ್ನ ಕೆಲಸ. ಇಂಟರ್ನೆಟ್‌ನಲ್ಲಿ 'ಪಬ್ಲಿಕ್ ಡೊಮೈನ್' (ಕಾಪಿರೈಟ್ ಇಲ್ಲದ, ಯಾರು ಬೇಕಾದರೂ ಬಳಸಬಹುದಾದದ್ದು) ಅಂತ ಚೀಟಿ ಅಂಟಿಸಿದ ಸಿನಿಮಾಗಳಿಗೆ ಲೆಕ್ಕವೇ ಇಲ್ಲ. ಏನು ನೋಡಿ ಅಂಟಿಸಿದರು ಅಂತ ಮಾತ್ರ ಯಾರೂ ಬರೆದಿರುವುದಿಲ್ಲ. ಹಾಗಾಗಿ ನಾನೇ ಮೊದಲಿನಿಂದ ನೋಡುತ್ತೇನೆ.

ಮೊದಲು ವರ್ಷ. 1930ರವರೆಗಿನ ಸಿನಿಮಾಗಳ ಹಕ್ಕು 95 ವರ್ಷ ತುಂಬಿ, 2025ರ ಕೊನೆಗೆ ಮುಗಿದಿದೆ. 1964ರಿಂದ 1977ರವರೆಗಿನವಕ್ಕೆ 1992ರ ಕಾನೂನು ನವೀಕರಣವನ್ನು (ಮೊದಲ ಅವಧಿ ಮುಗಿಯುವಾಗ ಹಕ್ಕನ್ನು ಮುಂದುವರಿಸುವುದು) ತಾನಾಗಿಯೇ ಆಗುವಂತೆ ಮಾಡಿತು. ತಲೆನೋವು ಇರುವುದು ನಡುವಿನ 1931–1963ರಲ್ಲಿ. ಆ ಸಿನಿಮಾಗಳಿಗೆ ಮೊದಲು ಸಿಗುತ್ತಿದ್ದದ್ದು 28 ವರ್ಷ ಮಾತ್ರ. 28ನೇ ವರ್ಷದಲ್ಲಿ ನವೀಕರಿಸದಿದ್ದರೆ ಹಕ್ಕು ಹೋಯಿತು ಅಂತಲೇ ಲೆಕ್ಕ.

ಆ ನವೀಕರಣ ಹುಡುಕುವುದರಲ್ಲೇ ನನ್ನ ಸಮಯ ಜಾಸ್ತಿ ಹೋಗುವುದು. 1977ರವರೆಗಿನ ನೋಂದಣಿ, ನವೀಕರಣಗಳು ಅಮೆರಿಕದ ಕಾಪಿರೈಟ್ ಕಚೇರಿ ಅಚ್ಚು ಹಾಕಿಸಿದ 'ಕ್ಯಾಟಲಾಗ್ ಆಫ್ ಕಾಪಿರೈಟ್ ಎಂಟ್ರೀಸ್' ಸಂಪುಟಗಳಲ್ಲಿವೆ, ಅವುಗಳ ಸ್ಕ್ಯಾನ್ ಸಿಗುತ್ತದೆ. 1978ರಿಂದ ಈಚಿನದು ಕಾಪಿರೈಟ್ ಕಚೇರಿಯ ಆನ್‌ಲೈನ್ ದಾಖಲೆಯಲ್ಲಿದೆ. 1946ರ ಮಾರ್ಚ್‌ನ ಸಿನಿಮಾ ಅಂದರೆ ಅದರ 28ನೇ ವರ್ಷ 1973ರ ಮಾರ್ಚ್‌ನಿಂದ 1974ರ ಮಾರ್ಚ್‌ವರೆಗೆ, ಹಾಗಾಗಿ 1973, 1974 ಎರಡನ್ನೂ ನೋಡಬೇಕು. 1950ರ ಸಿನಿಮಾ ಆದರೆ ಅದು 1977, 1978ಕ್ಕೆ ಬರುತ್ತದೆ, ಪುಸ್ತಕವನ್ನೂ ನೋಡಬೇಕು, ಆನ್‌ಲೈನ್ ದಾಖಲೆಯನ್ನೂ ನೋಡಬೇಕು. ಸ್ಕ್ಯಾನ್‌ನಲ್ಲಿ ಹೆಸರು ಟೈಪ್ ಮಾಡಿ, ಸಿಗಲಿಲ್ಲ ಅಂತ ಸುಮ್ನೆ ಬಿಡುವ ಹಾಗಿಲ್ಲ. ಯಂತ್ರ ಅಕ್ಷರಗಳನ್ನು ತಪ್ಪಾಗಿ ಓದಿರುತ್ತದೆ. ಪುಟ ತಿರುವಿ ಕಣ್ಣಿಂದಲೇ ನೋಡುತ್ತೇನೆ. ಮೊದಲಿಟ್ಟ ಹೆಸರು, ಆಮೇಲೆ ಬದಲಾದ ಹೆಸರು, ಕಂಪನಿಯ ಹೆಸರು, ಎಲ್ಲದರಲ್ಲೂ.

ಟೈಟಲ್ ಕಾರ್ಡನ್ನೂ (ಸಿನಿಮಾದ ಹೆಸರು ತೋರಿಸುವ ಚಿತ್ರ) ನಿಲ್ಲಿಸಿ ಓದುತ್ತೇನೆ. ಕಾಪಿರೈಟ್ ವರ್ಷ ರೋಮನ್ ಅಂಕಿಯಲ್ಲಿ, ಮೂಲೆಯಲ್ಲಿ ಚಿಕ್ಕದಾಗಿ ಇರುತ್ತದೆ. ಅಲ್ಲಿ ಬಿಡುಗಡೆಗಿಂತ ಹಿಂದಿನ ವರ್ಷ ಇದ್ದರೆ ಅವಧಿ ಅಲ್ಲಿಂದಲೇ ಶುರು. ಆ ಕಾಲದಲ್ಲಿ ಕಾಪಿರೈಟ್ ಸೂಚನೆಯೇ (ಹಕ್ಕು ಯಾರದು ಅಂತ ಹೇಳುವ ಸಾಲು) ಇಲ್ಲದಿದ್ದರೆ ಹಕ್ಕೇ ಇಲ್ಲ. 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್'ಗೆ ಆದದ್ದು ಇದೇ. ವಿತರಕರು ಹೆಸರು ಬದಲಿಸಿ ಹೊಸ ಟೈಟಲ್ ಹಾಕಿದಾಗ ಸೂಚನೆ ಬಿಟ್ಟುಹೋಯಿತು. ಆದರೆ ಈಗ ಸಿಗುವ ಪ್ರಿಂಟ್‌ನಲ್ಲಿ ಸೂಚನೆ ಕಾಣಲಿಲ್ಲ ಅಂದರೆ ಸಾಲದು, ಮೊದಲು ಬಿಡುಗಡೆಯಾದ ಪ್ರಿಂಟ್ ಹೇಗಿತ್ತು ಅನ್ನುವುದು ಮುಖ್ಯ. ಟಿವಿಗೆ ಅಂತ ಕತ್ತರಿಸಿದ ಪ್ರತಿಗಳಲ್ಲಿ ಏನೇನು ಹೋಗಿರುತ್ತದೋ!

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಸಿನಿಮಾದ ಒಳಗೆ ಬೇರೆಯವರ ಕಥೆ ಇರುತ್ತದೆ, ಹಾಡು ಇರುತ್ತದೆ, ಅಲ್ವಾ? 'ಇಟ್ಸ್ ಎ ವಂಡರ್‌ಫುಲ್ ಲೈಫ್' 1974ರಲ್ಲಿ ನವೀಕರಣವಾಗಲಿಲ್ಲ. ಟಿವಿ ವಾಹಿನಿಗಳು ವರ್ಷಗಟ್ಟಲೆ ಅದನ್ನು ಪುಕ್ಕಟೆ ತೋರಿಸಿದವು. 1993ರಲ್ಲಿ ಮೂಲ ಕಥೆ ಮತ್ತು ಸಂಗೀತದ ಹಕ್ಕು ಮುಂದಿಟ್ಟು ಅದನ್ನು ನಿಲ್ಲಿಸಲಾಯಿತು. ಅದಕ್ಕೇ ನಾನು ಕಥೆಗಾರರ ಹೆಸರಿನಲ್ಲೂ ಹುಡುಕುತ್ತೇನೆ. ಹಾಡಿರುವ ದೃಶ್ಯಕ್ಕಿಂತ ಮಾತಿಲ್ಲದ ದೃಶ್ಯ ಆರಿಸಿಕೊಳ್ಳಿ ಅಂತ ನಿರ್ದೇಶಕರಿಗೆ ಹೇಳುತ್ತೇನೆ.

ಬೇರೆ ದೇಶದ ಸಿನಿಮಾ ಆದರೆ ಈ ನವೀಕರಣದ ದಾರಿ ನಡೆಯುವುದಿಲ್ಲ. ಹಾಗೆ ಕಳೆದುಹೋಗಿದ್ದ ಎಷ್ಟೋ ಹಕ್ಕುಗಳು 1996ರಲ್ಲಿ ಅಮೆರಿಕದಲ್ಲಿ ಮತ್ತೆ ಜೀವ ಪಡೆದವು. ಇನ್ನು ಅಮೆರಿಕದಲ್ಲಿ ಮುಗಿದದ್ದು ಬೇರೆ ಕಡೆಯೂ ಮುಗಿದಿದೆ ಅಂತಲ್ಲ. ಚಿತ್ರ ಎಲ್ಲೆಲ್ಲಿ ತೋರಿಸುತ್ತೀರಿ ಅಂತ ಮೊದಲೇ ಕೇಳಿಬಿಡುತ್ತೇನೆ.

ವರದಿಯಲ್ಲಿ 'ಹಕ್ಕಿಲ್ಲ' ಅಂತ ನಾನು ಬರೆಯುವುದಿಲ್ಲ. 'ಈ ಸಂಪುಟಗಳಲ್ಲಿ, ಈ ಹೆಸರುಗಳಲ್ಲಿ ಹುಡುಕಿದೆ, ನವೀಕರಣ ಕಾಣಲಿಲ್ಲ' ಅಂತ ಬರೆದು ಪುಟಗಳ ಪ್ರತಿ ಸೇರಿಸುತ್ತೇನೆ. ಹಣ ಜಾಸ್ತಿ ಹೂಡಿದ ಚಿತ್ರವಾದರೆ ಕಾಪಿರೈಟ್ ಕಚೇರಿಗೇ ಶುಲ್ಕ ಕಟ್ಟಿ ಹುಡುಕಿಸಿ, ಆ ಕಾಗದವನ್ನು ವಕೀಲರಿಗೆ ಕೊಡಿ ಅನ್ನುತ್ತೇನೆ.