ಗಾಳಿಗೆ ಹಾರುತ್ತಿದ್ದ ಮೇಜುಬಟ್ಟೆ: ಸರಿಮಾಡಿದ ಬಗೆ

ಹೊರಗೆ ಊಟಕ್ಕೆ ಮೇಜು ಸಿಂಗರಿಸಿದಾಗೆಲ್ಲ ಬಟ್ಟೆ ಹಾರಿ ಲೋಟ ಉರುಳುತ್ತಿತ್ತು. ನಾಲ್ಕು ಮೂಲೆಗೂ ಕ್ಲಿಪ್ ಹಾಕಿದರೂ ನಿಲ್ಲಲಿಲ್ಲ. ಇಳಿಬಿದ್ದ ಅಂಚಿನ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಮೂಲೆ ಬಿಗಿಯಾಗಿದ್ದರೂ ನಡುಭಾಗ ಹಾಯಿಯಂತೆ ಉಬ್ಬುತ್ತದೆ. ಇಳಿಬೀಳು ಉದ್ದವಾದಷ್ಟೂ ಕಾಟ ಜಾಸ್ತಿ.

ಮೊದಲು ಇಳಿಬೀಳನ್ನು 20 ಸೆಂ.ಮೀ.ಗೆ ಇಳಿಸಿದೆ. ಆಮೇಲೆ 2 ಸೆಂ.ಮೀ. ಅಗಲದ ಎಲಾಸ್ಟಿಕ್ ಪಟ್ಟಿಯನ್ನು ಮೇಜಿನಡಿ ಒಂದು ಉದ್ದಬದಿಯಿಂದ ಎದುರುಬದಿಗೆ ಎಳೆದು, ಎರಡೂ ತುದಿಗಳನ್ನು ಬಟ್ಟೆಯ ಒಳಮಡಿಕೆಗೆ ಪಿನ್ನಿನಿಂದ ಸಿಕ್ಕಿಸಿದೆ. ಆರು ಜನರ ಮೇಜಿಗೆ ಇಂಥ ಮೂರು ಪಟ್ಟಿ ಸಾಕು. ಪಟ್ಟಿ ಮೇಜಿನ ಅಗಲಕ್ಕಿಂತ ಸ್ವಲ್ಪ ಗಿಡ್ಡವಿರಬೇಕು, ಇಲ್ಲದಿದ್ದರೆ ಬಿಗಿ ಬರುವುದಿಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ, ಕ್ಲಿಪ್ಪಿಗಿಂತ ಎಷ್ಟೋ ಚಂದ. ಕರವಸ್ತ್ರವನ್ನು ತಟ್ಟೆಯ ಮೇಲಿಡದೆ ಅರ್ಧ ತಟ್ಟೆಯಡಿಗೆ ಸೇರಿಸಿ.

ಮೇಣದಬತ್ತಿಗೆ ಅಗಲಬಾಯಿಯ ಎತ್ತರದ ಗಾಜಿನ ಜಾಡಿಯೇ ಸರಿ. ತಳದಲ್ಲಿ 3 ಸೆಂ.ಮೀ. ಒಣಮರಳು ಹಾಕಿ ಬತ್ತಿ ಊರಿ. ಮರಳಿನ ಭಾರಕ್ಕೆ ಜಾಡಿ ಅಲುಗುವುದಿಲ್ಲ. ಜ್ವಾಲೆ ಜಾಡಿಯ ಬಾಯಿಗಿಂತ ಕನಿಷ್ಠ 7-8 ಸೆಂ.ಮೀ. ಕೆಳಗಿರಲಿ. ಕಿರಿದಾದ ಜಾಡಿಯಲ್ಲಿ ಗಾಳಿಯಾಡದೆ ಜ್ವಾಲೆ ಮಂಕಾಗಿ, ಗಾಜಿಗೆ ಮಸಿ ಹಿಡಿಯುತ್ತದೆ.

ಹೂವನ್ನು ಗಿಡ್ಡ, ಭಾರದ ಬಟ್ಟಲಲ್ಲಿ ಇಡಿ. 25 ಸೆಂ.ಮೀ. ಮೀರಿದರೆ ಎದುರು ಕೂತವರ ಮುಖ ಮರೆಯಾಗುತ್ತದೆ, ಗಾಳಿಗೂ ಬೇಗ ಬೀಳುತ್ತದೆ.

ಮೇಜು ಕುಂಟುತ್ತಿದ್ದರೆ ಕಾಲಿನಡಿ ಕಾಗದ ಮಡಚಿಡಬೇಡಿ, ತೇವಕ್ಕೆ ಕುಸಿಯುತ್ತದೆ. ಮರದ ತೆಳು ಚಕ್ಕೆ ಇಡಿ. ಇದನ್ನು ಬಟ್ಟೆ ಹಾಸುವ ಮೊದಲೇ ಮುಗಿಸಿ.